ಮೊದಲ ಹೊಣೆ ಗೇಟಿನೊಳಗೆ: ರಾಯಕೋಟೆ ಸೀಮೆಯ ದುಡಿಮೆಗಾರರ ಪ್ರಣಾಳಿಕೆ

ನಾವು ರಾಯಕೋಟೆ, ಉದ್ದನಪಲ್ಲಿ, ಕೆಲಮಂಗಲ, ಶೂಲಗಿರಿ, ಡೆಂಕಣಿಕೋಟೆ ಕಡೆಯವರು. ನಮ್ಮಲ್ಲಿ ಲೈನಿನಲ್ಲಿ ನಿಂತು ಕೆಲಸ ಮಾಡುವವರಿದ್ದಾರೆ, ಮಗಳನ್ನು ಕಂಪನಿ ಬಸ್ಸು ಹತ್ತಿಸಿ ಹೊಲಕ್ಕೆ ಹೋಗುವ ತಾಯಂದಿರಿದ್ದಾರೆ, ಕಾಂಟ್ರಾಕ್ಟ್ ಕಾರ್ಡು ಹಿಡಿದು ಗೇಟು ದಾಟುವವರಿದ್ದಾರೆ, ಹೊಸೂರಿನ ಕಾರ್ಖಾನೆಗಳಲ್ಲಿ ಆಯಸ್ಸು ಸವೆಸಿ ನಿವೃತ್ತರಾದವರಿದ್ದಾರೆ, ಮೇಷ್ಟ್ರುಗಳಿದ್ದಾರೆ, ನರ್ಸಮ್ಮಗಳಿದ್ದಾರೆ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಕಚೇರಿಯಲ್ಲಿ ತಮಿಳು ಆಡಿ ಬೆಳೆದ ಜನ ನಾವು. ಈಗ ಬಸ್ಸಿನಲ್ಲಿ ಹಿಂದಿಯೂ ಒಡಿಯಾವೂ ಕಿವಿಗೆ ಬೀಳುತ್ತವೆ. ನಾವೆಲ್ಲ ಸೇರಿ ಹೇಳುತ್ತಿರುವುದು ಒಂದೇ ಮಾತು. ಕಂಪನಿಯ ಸಾಮಾಜಿಕ ಹೊಣೆ ಶುರುವಾಗಬೇಕಾದ್ದು ಅದರ ಗೇಟಿನೊಳಗೆ, ಅಲ್ಲಿ ದುಡಿಯುವವರ ಮನಸ್ಸಿನ ನೆಮ್ಮದಿಯಿಂದ. ಆ ಖರ್ಚನ್ನು ದಾನದ ಲೆಕ್ಕಕ್ಕೆ ಬರೆಯಬಾರದು, ಕೂಲಿಯ ಲೆಕ್ಕಕ್ಕೆ ಬರೆಯಬೇಕು.

ನಾವು ಕಾರ್ಖಾನೆಯ ವಿರೋಧಿಗಳಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇವೆ, ಏಕೆಂದರೆ ನೆಮ್ಮದಿಯ ಮಾತೆತ್ತಿದವರನ್ನು ಕೆಲಸ ಕೆಡಿಸುವವರೆಂದು ಕರೆಯುವ ರೂಢಿಯಿದೆ. 1971ರಲ್ಲಿ ಸ್ಥಾಪನೆಯಾದ ತಮಿಳುನಾಡು ಸರ್ಕಾರದ ಕೈಗಾರಿಕಾ ನಿಗಮ ಸಿಪ್‌ಕಾಟ್ ಹೊಸೂರಿನಲ್ಲಿ ಕೈಗಾರಿಕೆಗೆಂದು ನೆಲ ಗೊತ್ತುಮಾಡಿತು. ಎಂಬತ್ತರ ದಶಕದಲ್ಲಿ ಅಶೋಕ್ ಲೇಲ್ಯಾಂಡ್‌ನ ಲಾರಿ, ಟಿವಿಎಸ್‌ನ ಮೊಪೆಡ್, ಟೈಟನ್‌ನ ಕೈಗಡಿಯಾರ ಆ ನೆಲದಿಂದ ದೇಶಕ್ಕೆಲ್ಲ ಹೊರಟವು. ಮಳೆ ನಂಬಿ ರಾಗಿ ಬಿತ್ತುತ್ತಿದ್ದ ಎಷ್ಟೋ ಮನೆಗಳಿಗೆ ತಿಂಗಳ ಸಂಬಳ ಎಂಬುದು ಆಗ ಬಂತು. ರಾಯಕೋಟೆ ಆಗಿನ್ನೂ ಟೊಮೇಟೊ ಮಂಡಿಗೆ ಹೆಸರಾದ ಊರು. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಮೈಸೂರಿನ ಕೈತಪ್ಪಿದ ದುರ್ಗ ಮೇಲೆ, ಕೆಳಗೆ ಹಣ್ಣಿನ ಕ್ರೇಟುಗಳು. ಈಚಿನ ವರ್ಷಗಳಲ್ಲಿ ಕಾರ್ಖಾನೆಗಳು ಹೊಸೂರು ದಾಟಿ ನಮ್ಮ ಕಡೆಗೇ ಬಂದವು. ಫೋನಿನ ಬಿಡಿಭಾಗ ಮಾಡುವ ಟಾಟಾ ಎಲೆಕ್ಟ್ರಾನಿಕ್ಸ್ ನಾಗಮಂಗಲ, ಉದ್ದನಪಲ್ಲಿ ಬಳಿ ಬಂತು. 2022ರಲ್ಲಿ ಜಾರ್ಖಂಡಿನ ಆದಿವಾಸಿ ಹೆಣ್ಣುಮಕ್ಕಳು ಅದರ ಕೆಲಸಕ್ಕೆಂದು ರೈಲಿನಲ್ಲಿ ಹೊಸೂರಿಗೆ ಬಂದಿಳಿದರು.

ಹೆಣ್ಣುಮಕ್ಕಳ ಸಂಬಳಕ್ಕೆ ಈ ಸೀಮೆಯಲ್ಲಿ ಎಷ್ಟು ಬೆಲೆಯಿದೆ ಎಂಬುದು ಹೊರಗಿನವರಿಗೆ ಬೇಗ ತಿಳಿಯುವುದಿಲ್ಲ. ಹುಟ್ಟಿದ ಹೆಣ್ಣುಮಗುವನ್ನು ಕೊಲ್ಲಬೇಡಿ, ಬೇಡವಾದರೆ ನಮಗೆ ಒಪ್ಪಿಸಿ ಎಂದು ತಮಿಳುನಾಡು ಸರ್ಕಾರ 1992ರಲ್ಲಿ ತೊಟ್ಟಿಲು ಮಗು ಯೋಜನೆ ತಂದಾಗ ಅದು ಶುರುವಾದದ್ದು ಪಕ್ಕದ ಸೇಲಂನಲ್ಲಿ. ನಮ್ಮ ಕೃಷ್ಣಗಿರಿ ಆಗ ಧರ್ಮಪುರಿ ಜಿಲ್ಲೆಯೊಳಗಿತ್ತು. ಅಲ್ಲಿಯೂ ಇದೇ ಕಥೆ. ಅಂಥ ನೆಲದಲ್ಲಿ ಇವತ್ತು ಹತ್ತೊಂಬತ್ತು ವರ್ಷದ ಹುಡುಗಿ ತನ್ನ ಹೆಸರಿನ ಬ್ಯಾಂಕ್ ಖಾತೆಗೆ ಬಂದ ಸಂಬಳದಲ್ಲಿ ತಮ್ಮನ ಫೀಸು ಕಟ್ಟುತ್ತಾಳೆ, ಮದುವೆ ಇನ್ನೆರಡು ವರ್ಷ ತಡೆಯಿರಿ ಎಂದು ಅಪ್ಪನ ಮುಂದೆ ನಿಂತು ಹೇಳುತ್ತಾಳೆ. ಆ ಸಂಬಳ ಅವಳ ಕೈಯಿಂದ ಜಾರಬಾರದು. ಸಂಬಳಕ್ಕಾಗಿ ಅವಳು ಒಳಗೊಳಗೇ ಕುಸಿಯಲೂ ಬಾರದು.

ರಸ್ತೆಗೆ ಇಳಿದ ಮೇಲೆ ಕೇಳಿಸಿದ್ದು

ಬೆಂಗಳೂರನ್ನು ಮುಟ್ಟುವ ರಸ್ತೆಗಳಲ್ಲಿ ಹತ್ತು ವರ್ಷದಲ್ಲಿ ನಡೆದದ್ದನ್ನು ಒಟ್ಟಿಗಿಟ್ಟು ನೋಡಬೇಕು. 2016ರ ಏಪ್ರಿಲ್ 18 ಮತ್ತು 19ರಂದು ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಬೊಮ್ಮನಹಳ್ಳಿಯ ಬಳಿ ಹೊಸೂರು ರಸ್ತೆಗೆ ಇಳಿದರು. ಪಿಎಫ್ ಹಣ ತೆಗೆಯುವ ನಿಯಮ ಬಿಗಿಯಾಗುತ್ತದೆಂಬ ಸುದ್ದಿ ಅವರನ್ನು ಎಬ್ಬಿಸಿತ್ತು. ಯಾವ ನಾಯಕರೂ ಕರೆ ಕೊಟ್ಟಿರಲಿಲ್ಲ. ಎರಡನೇ ದಿನ ಕೇಂದ್ರ ಸರ್ಕಾರ ನಿಯಮವನ್ನು ಹಿಂತೆಗೆದುಕೊಂಡಿತು. 2020ರ ಡಿಸೆಂಬರ್ 12ರ ಬೆಳಗ್ಗೆ ಕೋಲಾರದ ನರಸಾಪುರದಲ್ಲಿ ಫೋನು ತಯಾರಿಸುತ್ತಿದ್ದ ವಿಸ್ಟ್ರಾನ್ ಕಂಪನಿಯ ಕಾರ್ಮಿಕರು ಬಾಕಿ ಸಂಬಳದ ಸಿಟ್ಟಿನಲ್ಲಿ ಕಾರ್ಖಾನೆಯನ್ನು ಒಡೆದರು. ಒಂದು ವಾರದೊಳಗೆ ಕಂಪನಿ ಕ್ಷಮೆ ಕೇಳಿತು, ಭಾರತದ ವ್ಯವಹಾರ ನೋಡುತ್ತಿದ್ದ ಉಪಾಧ್ಯಕ್ಷರನ್ನು ತೆಗೆದುಹಾಕಿತು. 2021ರ ಡಿಸೆಂಬರಿನಲ್ಲಿ ಆಪಲ್‌ಗೆ ಫೋನು ಮಾಡಿಕೊಡುವ ಶ್ರೀಪೆರಂಬದೂರಿನ ಫಾಕ್ಸ್‌ಕಾನ್ ಕಾರ್ಖಾನೆಯ ನೂರಕ್ಕೂ ಹೆಚ್ಚು ಹೆಣ್ಣುಮಕ್ಕಳು ಹಾಸ್ಟೆಲಿನ ಊಟ ತಿಂದು ಆಸ್ಪತ್ರೆ ಸೇರಿದರು. ಜೊತೆಯವರು ಚೆನ್ನೈ–ಬೆಂಗಳೂರು ಹೆದ್ದಾರಿ ತಡೆದು ಕೂತ ಮೇಲೆ, ಕೆಲವು ಹಾಸ್ಟೆಲುಗಳೂ ಊಟದ ಕೋಣೆಗಳೂ ತಾನಿಟ್ಟ ಮಟ್ಟಕ್ಕಿಲ್ಲವೆಂದು ಆಪಲ್ ಒಪ್ಪಿಕೊಂಡಿತು.

2025ರ ನವೆಂಬರಿನಲ್ಲಿ ನಮ್ಮದೇ ಊರ ಬಳಿ. ಟಾಟಾ ಎಲೆಕ್ಟ್ರಾನಿಕ್ಸ್‌ನಲ್ಲಿ ದುಡಿಯುವ ಹೆಣ್ಣುಮಕ್ಕಳ ಹಾಸ್ಟೆಲಿನ ಸ್ನಾನದ ಕೋಣೆಯಲ್ಲಿ ಬಚ್ಚಿಟ್ಟ ಕ್ಯಾಮೆರಾ ಸಿಕ್ಕಿತು. ಸಾವಿರಾರು ಹುಡುಗಿಯರು ರಾತ್ರಿಯೇ ಹೊರಗೆ ಬಂದು ಧರಣಿ ಕೂತರು. ಪೊಲೀಸರು ಬಂದರು, ಬಂಧನಗಳಾದವು. ತಪ್ಪು ಮಾಡಿದವರನ್ನು ಕಾನೂನು ನೋಡಿಕೊಳ್ಳಲಿ. ನಮ್ಮ ಚಿಂತೆ ಅದರ ಮುಂದಿನ ವಾರಗಳದ್ದು. ಮರುದಿನ ಶಿಫ್ಟಿಗೆ ಹೋದವಳು ಬಚ್ಚಲ ಬಾಗಿಲು ಹಾಕಿಕೊಂಡಾಗ ಏನೆಂದುಕೊಂಡಳು? ಊರಿಗೆ ಫೋನು ಮಾಡಿ ಏನು ಹೇಳಿದಳು? ವಾಪಸು ಬಾ ಎಂದ ಅಮ್ಮನಿಗೆ ಏನೆಂದು ಉತ್ತರ ಕೊಟ್ಟಳು? ಸುದ್ದಿ ವಾಹಿನಿಗಳು ಹೊರಟುಹೋದ ಮೇಲೂ ಈ ಪ್ರಶ್ನೆಗಳು ಹಾಸ್ಟೆಲಿನ ಮಂಚಗಳ ಮೇಲೆಯೇ ಮಲಗಿ ಏಳುತ್ತವೆ.

ಈ ನಾಲ್ಕು ಪ್ರಕರಣಗಳ ಕಾರಣ ಬೇರೆ ಬೇರೆ: ಪಿಎಫ್, ಸಂಬಳ, ಊಟ, ಮಾನ. ನಮಗೆ ಕಾಣುವ ಸಮಾನ ಅಂಶ ಇಷ್ಟು. ಒಬ್ಬೊಬ್ಬರೇ ಇದ್ದಾಗ ಆಡಿದ ಮಾತು ಸೂಪರ್‌ವೈಸರನ ಮೇಜು ದಾಟಲಿಲ್ಲ, ಸಾವಿರ ಜನ ರಸ್ತೆಗೆ ಬಂದಾಗ ಒಂದೆರಡು ದಿನದಲ್ಲಿ ದೂರದ ದೇಶದ ಕಚೇರಿಗೂ ಮುಟ್ಟಿತು. ಈ ಎರಡರ ನಡುವೆ ಇರಬೇಕಾದ ದಾರಿಯನ್ನು ಕಟ್ಟಿಸುವುದು ನಮ್ಮ ಚಳವಳಿಯ ಕೆಲಸ.

ಕಾನೂನು ಏನು ಹೇಳುತ್ತದೆ

2013ರ ಕಂಪನಿ ಕಾಯ್ದೆಯ 135ನೇ ಕಲಮು 2014ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. 500 ಕೋಟಿ ರೂಪಾಯಿ ನಿವ್ವಳ ಮೌಲ್ಯ, 1,000 ಕೋಟಿ ವಹಿವಾಟು, 5 ಕೋಟಿ ನಿವ್ವಳ ಲಾಭ, ಈ ಮೂರರಲ್ಲಿ ಒಂದನ್ನು ಮುಟ್ಟಿದ ಕಂಪನಿ ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇಕಡಾ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು. ಎಲ್ಲರ ಬಾಯಲ್ಲೂ ಇದು ಸಿಎಸ್‌ಆರ್. ಶಾಲೆಯ ಗೋಡೆಗೆ ಬಣ್ಣ, ಕೆರೆಯ ಹೂಳು, ಕುಡಿಯುವ ನೀರಿನ ಯಂತ್ರ, ಎಲ್ಲದರ ಮೇಲೂ ಕಂಪನಿಯ ಹೆಸರಿನ ಫಲಕ ಕಾಣುತ್ತದೆ. ಅವುಗಳಲ್ಲಿ ಒಳ್ಳೆಯ ಕೆಲಸಗಳಿವೆ. ನಾವೂ ಆ ನೀರು ಕುಡಿದಿದ್ದೇವೆ.

2021ರ ಜನವರಿ 22ರಂದು ಈ ಕಾಯ್ದೆಯ ನಿಯಮಗಳಿಗೆ ತಿದ್ದುಪಡಿ ಬಂತು. ಕಂಪನಿ ತನ್ನ ನೌಕರರ ಲಾಭಕ್ಕೆ ಮಾಡಿದ ಖರ್ಚು ಸಿಎಸ್‌ಆರ್ ಎನಿಸುವುದಿಲ್ಲ ಎಂದು ಅದರಲ್ಲಿ ಬರೆದಿದೆ. ಈ ನಿಯಮ ನ್ಯಾಯವಾದದ್ದು, ನಾವು ಅದರ ಪರ. ತನ್ನ ಕಾರ್ಮಿಕನಿಗೆ ಕೊಡಬೇಕಾದ್ದನ್ನೇ ಕೊಟ್ಟು ಸಮಾಜಸೇವೆ ಎಂದು ಬರೆದುಕೊಳ್ಳಲು ಯಾರಿಗೂ ಅವಕಾಶ ಇರಬಾರದು. ತೊಂದರೆ ಇರುವುದು ಇದನ್ನು ಓದುವ ರೀತಿಯಲ್ಲಿ. ನೌಕರರ ಮನಸ್ಸಿನ ಆರೋಗ್ಯ ಸಿಎಸ್‌ಆರ್ ಸಮಿತಿಯ ವ್ಯಾಪ್ತಿಗೆ ಬರುವುದಿಲ್ಲವೆಂದು ಆ ಸಮಿತಿ ಕಡತ ಮುಚ್ಚುತ್ತದೆ. ಹೆಚ್‌ಆರ್ ಕಚೇರಿಯಲ್ಲಿ ಅದಕ್ಕೆಂದು ಹಣ ಇಟ್ಟಿರುವುದಿಲ್ಲ. ಸುರಕ್ಷತೆಯ ವಿಭಾಗ ಹೆಲ್ಮೆಟ್, ಕೈಗವಸು, ಬೆಂಕಿ ಇಷ್ಟನ್ನು ನೋಡುತ್ತದೆ. ಹೀಗೆ ಮೂರು ಮೇಜುಗಳ ನಡುವೆ ಮನುಷ್ಯನ ಮನಸ್ಸು ಯಾರ ಜವಾಬ್ದಾರಿಯೂ ಅಲ್ಲದ್ದಾಗಿದೆ. ನಿಯಮದ ಅರ್ಥ ಅದಲ್ಲ. ಸಿಎಸ್‌ಆರ್ ಅಲ್ಲ ಎಂದ ಮಾತ್ರಕ್ಕೆ ಆ ಖರ್ಚು ಬೇಡವೆಂದಾಗುವುದಿಲ್ಲ. ಅದು ಲಾಭ ಎಣಿಸುವ ಮೊದಲೇ ಕಳೆಯಬೇಕಾದ ಖರ್ಚು ಎಂದಾಗುತ್ತದೆ.

ದುಡಿಯುವವರ ಆರೋಗ್ಯ ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟು 1995ರಲ್ಲಿ ಕಲ್ನಾರಿನ ಕಾರ್ಖಾನೆಗಳ ಪ್ರಕರಣದಲ್ಲಿ ಹೇಳಿತು. ಮಾನಸಿಕ ಆರೋಗ್ಯವೂ ಅದೇ 21ನೇ ವಿಧಿಯೊಳಗೆ ಬರುತ್ತದೆ ಎಂದು 2025ರ ಜುಲೈನಲ್ಲಿ ವಿದ್ಯಾರ್ಥಿನಿಯೊಬ್ಬಳ ಸಾವಿನ ಪ್ರಕರಣದಲ್ಲಿ ಹೇಳಿ, ಶಿಕ್ಷಣ ಸಂಸ್ಥೆಗಳಿಗೆ ನಿರ್ದೇಶನಗಳನ್ನು ಕೊಟ್ಟಿತು. ಈ ಎರಡು ತೀರ್ಪನ್ನು ಅಕ್ಕಪಕ್ಕ ಇಟ್ಟು ಓದಿದರೆ ಕಾರ್ಖಾನೆಯ ಲೈನಿನಲ್ಲಿ ನಿಂತವಳ ಮನಸ್ಸಿಗೂ ಹಕ್ಕಿದೆ. ಹಾಸ್ಟೆಲಿನ ಅದೇ ವಯಸ್ಸಿನ ಹುಡುಗಿ ಪುಸ್ತಕ ಹಿಡಿದರೆ ರಕ್ಷಣೆ, ಸ್ಕ್ರೂಡ್ರೈವರ್ ಹಿಡಿದರೆ ಇಲ್ಲ ಎಂದಾಗಬಾರದು.

ವರದಿಯ ಮಾತೂ ಇದೆ. ಷೇರುಪೇಟೆಯ ಮೊದಲ 1,000 ಕಂಪನಿಗಳು 2022–23ರಿಂದ ಷೇರುಪೇಟೆಯ ನಿಯಂತ್ರಕ ಸೆಬಿಯ ನಿಯಮದಂತೆ ಕೊಡುವ ಹೊಣೆಗಾರಿಕೆಯ ವರದಿಯಲ್ಲಿ ಮೂರನೇ ತತ್ವವೇ ನೌಕರರ ಕ್ಷೇಮ. ತಮಗೆ ಮಾಲು ಒದಗಿಸುವ ಸಣ್ಣ ಘಟಕಗಳ ದುಡಿಮೆಗಾರರನ್ನೂ ಆ ತತ್ವ ಒಳಗೊಳ್ಳುತ್ತದೆ. ಆದರೆ ಷೇರುಪೇಟೆಗೆ ಬಾರದ ಕಂಪನಿಗಳಿಗೆ ಆ ವರದಿ ಕಡ್ಡಾಯವಿಲ್ಲ. ನಮ್ಮ ಸುತ್ತ ಅಂಥವು ಬಹಳ.

ಮನಸ್ಸು ಎಲ್ಲಿ ನೋಯುತ್ತದೆ

ಇದು ಹುಡುಗಿಯರ ಮನೋದೌರ್ಬಲ್ಯ, ಹಳ್ಳಿಯಿಂದ ಬಂದವರಿಗೆ ಒಗ್ಗುವುದಿಲ್ಲ, ಸ್ವಲ್ಪ ದಿನ ಹೋದರೆ ಸರಿಹೋಗುತ್ತಾರೆ. ಈ ಮಾತುಗಳನ್ನು ನಾವು ಕೇಳಿ ದಣಿದಿದ್ದೇವೆ. ಕೆಲಸದ ಒತ್ತಡ ಹೇಗೆ ಹುಟ್ಟುತ್ತದೆ ಎಂಬುದನ್ನು ರಾಬರ್ಟ್ ಕರಾಸೆಕ್ ಎಂಬ ಅಮೆರಿಕದ ವಿದ್ವಾಂಸ 1979ರಲ್ಲೇ ಬಿಡಿಸಿ ತೋರಿಸಿದ್ದಾರೆ. ಕೆಲಸ ಹೆಚ್ಚಿದ್ದರೆ ಅಷ್ಟರಿಂದಲೇ ಮನುಷ್ಯ ಮುರಿಯುವುದಿಲ್ಲ. ಕೆಲಸ ಹೆಚ್ಚಿದ್ದು, ಅದನ್ನು ಹೇಗೆ, ಯಾವಾಗ, ಎಷ್ಟು ವೇಗದಲ್ಲಿ ಮಾಡಬೇಕೆಂಬುದರಲ್ಲಿ ತನ್ನ ಮಾತು ಒಂದಿಷ್ಟೂ ನಡೆಯದಿದ್ದಾಗ ಮುರಿಯುತ್ತಾನೆ. ಅಸೆಂಬ್ಲಿ ಲೈನು ಈ ಎರಡನ್ನೂ ಒಟ್ಟಿಗೆ ಹೇರುತ್ತದೆ. ಮುಂದಿನ ಪೀಸು ಬರುವ ಹೊತ್ತನ್ನು ಯಂತ್ರ ನಿರ್ಧರಿಸುತ್ತದೆ. ಮೂತ್ರಕ್ಕೆ ಹೋಗಲು ಕೈ ಎತ್ತಿ ಬದಲಿಯವರಿಗೆ ಕಾಯಬೇಕು. ತಿಂಗಳ ಆ ಮೂರು ದಿನ ಈ ಕಾಯುವಿಕೆ ಎಂಥದ್ದೆಂದು ಹೆಣ್ಣುಮಕ್ಕಳನ್ನೇ ಕೇಳಬೇಕು. 2020ರ ಕೊನೆಯಲ್ಲಿ ಬಿಡದಿಯ ಟೊಯೊಟಾ ಕಾರ್ಖಾನೆಯಲ್ಲಿ ತಿಂಗಳುಗಟ್ಟಲೆ ಮುಷ್ಕರ ನಡೆದಾಗಲೂ ಕಾರ್ಮಿಕ ಸಂಘ ಮುಂದಿಟ್ಟ ದೊಡ್ಡ ದೂರು ಕೆಲಸದ ವೇಗದ್ದೇ ಆಗಿತ್ತು. ಕಂಪನಿ ಅದನ್ನು ಒಪ್ಪಲಿಲ್ಲ. ವೇಗ ಸರಿಯೋ ತಪ್ಪೋ ಎಂದು ಇಬ್ಬರೂ ಕೂತು ಅಳೆಯುವ ಜಾಗ ಇಲ್ಲದಿದ್ದರೆ ವಾದ ಗೇಟಿನ ಹೊರಗೆ ಬರುತ್ತದೆ.

ಶಿಫ್ಟಿನ ವಿಷಯಕ್ಕೆ ಹೆಚ್ಚು ಗಮನ ಬೇಕು. ಮೈಯೊಳಗಿನ ಗಡಿಯಾರ ದಿನಕ್ಕೆ ಸುಮಾರು ಒಂದು ಗಂಟೆಯಷ್ಟು ಮಾತ್ರ ಸರಿಯಬಲ್ಲದು. ವಾರಕ್ಕೊಮ್ಮೆ ಎ ಶಿಫ್ಟು, ಸಿ ಶಿಫ್ಟು ಎಂದು ಬದಲಾಯಿಸಿದರೆ ಅದು ಯಾವ ಶಿಫ್ಟಿಗೂ ಹೊಂದಿಕೊಳ್ಳುವುದಿಲ್ಲ. ಬೆಳಗ್ಗೆಯಿಂದ ಮಧ್ಯಾಹ್ನ, ಮಧ್ಯಾಹ್ನದಿಂದ ರಾತ್ರಿ ಎಂದು ಮುಂದಕ್ಕೆ ತಿರುಗುವ ಪಾಳಿ ಮೈಗೆ ಹಗುರ, ಹಿಂದಕ್ಕೆ ತಿರುಗುವುದು ಭಾರ. ಇದನ್ನು ಸರಿಮಾಡಲು ಕಂಪನಿಗೆ ಯಂತ್ರ ಕೊಳ್ಳಬೇಕಿಲ್ಲ, ಪಟ್ಟಿ ಬೇರೆ ರೀತಿ ಬರೆದರೆ ಸಾಕು. ಗಂಟೆಗಳ ಲೆಕ್ಕವೂ ಸ್ಪಷ್ಟವಾಗಿದೆ. ವಾರಕ್ಕೆ 55 ಗಂಟೆ ಅಥವಾ ಅದಕ್ಕೂ ಹೆಚ್ಚಿನ ದುಡಿಮೆಯಿಂದ ಪಾರ್ಶ್ವವಾಯು, ಹೃದಯದ ಕಾಯಿಲೆ ಬಂದು 2016ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ 7,45,000 ಮಂದಿ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯೂ 2021ರಲ್ಲಿ ಅಂದಾಜು ಮಾಡಿದವು. ಆಮೇಲೂ ನಮ್ಮ ದೇಶದ ಹಿರಿಯ ಉದ್ಯಮಿಗಳು ವಾರಕ್ಕೆ 70 ಗಂಟೆ, 90 ಗಂಟೆ ಎಂದರು. ಗೌರವದಿಂದಲೇ ಹೇಳುತ್ತೇವೆ, ಆ ಸಲಹೆ ನಮಗೆ ಬೇಡ. 2023ರ ಏಪ್ರಿಲಿನಲ್ಲಿ ತಮಿಳುನಾಡು ವಿಧಾನಸಭೆ 12 ಗಂಟೆ ದುಡಿಮೆಗೆ ದಾರಿ ಮಾಡುವ ಮಸೂದೆ ಒಪ್ಪಿದಾಗ ಕಾರ್ಮಿಕರು ಎದ್ದು ನಿಂತರು, ಮೇ 1ರಂದು ಮುಖ್ಯಮಂತ್ರಿಗಳು ಅದನ್ನು ಹಿಂತೆಗೆದುಕೊಂಡೆವೆಂದು ಹೇಳಿದರು. ಆ ಗೆಲುವಿನ ಸಾಲು ನಮ್ಮದು.

ನೋವಿಗೆ ದಾರಿ ಸಿಗದಿದ್ದರೆ ಅದು ಎಲ್ಲಿಂದಲೋ ಹೊರಬರುತ್ತದೆ. ಎಪ್ಪತ್ತರ ದಶಕದಲ್ಲಿ ಮಲೇಷ್ಯಾದ ಎಲೆಕ್ಟ್ರಾನಿಕ್ಸ್ ಕಾರ್ಖಾನೆಗಳಿಗೆ ಹಳ್ಳಿಯ ಹುಡುಗಿಯರು ಸಾವಿರಗಟ್ಟಲೆ ಬಂದರು. ಸೂಕ್ಷ್ಮದರ್ಶಕದ ಮುಂದೆ ಕೂತು ಕೆಲಸ ಮಾಡುತ್ತಿದ್ದವರಲ್ಲಿ ಒಬ್ಬಳು ಚೀರುತ್ತಿದ್ದಳು, ಮೈಮೇಲೆ ಭೂತ ಬಂತೆನ್ನುತ್ತಿದ್ದಳು. ನೋಡುತ್ತಿದ್ದಂತೆ ಸಾಲಿಡೀ ಚೀರುತ್ತಿತ್ತು. ಕಂಪನಿಯವರು ಮಂತ್ರವಾದಿಯನ್ನು ಕರೆಸಿ ಆಡು ಬಲಿ ಕೊಡಿಸಿ ಮತ್ತೆ ಲೈನು ಓಡಿಸುತ್ತಿದ್ದರು. ಐವಾ ಒಂಗ್ ಎಂಬ ಮಾನವಶಾಸ್ತ್ರಜ್ಞೆ ಆ ಹುಡುಗಿಯರ ನಡುವೆ ಇದ್ದು, 1987ರಲ್ಲಿ ಅವರ ಬಗ್ಗೆ ಪುಸ್ತಕ ಬರೆದರು. ಬಾಯಿಬಿಟ್ಟು ಹೇಳಲಾಗದ ವಿರೋಧವನ್ನು ಆ ಮೈಗಳು ಹೇಳುತ್ತಿದ್ದವು ಎಂಬುದು ಅವರ ಅರಿವು. ಮೈಮೇಲೆ ಬರುವುದು ಏನೆಂದು ನಮ್ಮ ಸೀಮೆಗೆ ವಿವರಿಸಬೇಕಿಲ್ಲ. ಜಾತ್ರೆಯಲ್ಲಿ ಅಮ್ಮ ಮೈಮೇಲೆ ಬಂದ ಹೆಂಗಸು ಮಾತ್ರ ಊರ ಗೌಡನನ್ನು ಏಕವಚನದಲ್ಲಿ ಕರೆದು ಕೇಳಬಲ್ಲಳು ಎಂದು ನಮ್ಮ ಅಜ್ಜಿಯರಿಗೆ ಗೊತ್ತಿತ್ತು. ಇವತ್ತಿನ ಲೈನಿನಲ್ಲಿ ಇದು ತಲೆನೋವು, ಎದೆ ಹಿಡಿತ, ಊಟ ಸೇರದಿರುವುದು, ಇದ್ದಕ್ಕಿದ್ದಂತೆ ತಲೆಸುತ್ತಿ ಬೀಳುವುದು ಎಂಬ ರೂಪದಲ್ಲಿ ಬರುತ್ತದೆ. ಕಂಪನಿಯ ಪ್ರಥಮ ಚಿಕಿತ್ಸೆ ಕೋಣೆಯಲ್ಲಿ ಒಂದು ಮಾತ್ರೆ ಕೊಟ್ಟು ಕಳಿಸುತ್ತಾರೆ.

ಕೊಡುತ್ತಿರುವ ಮದ್ದು

ಕಂಪನಿಗಳು ಏನೂ ಮಾಡುತ್ತಿಲ್ಲವೆಂದು ನಾವು ಹೇಳುವುದಿಲ್ಲ. ಯೋಗ ದಿನ ಮಾಡುತ್ತಾರೆ, ಧ್ಯಾನದ ಆ್ಯಪು ಕೊಡುತ್ತಾರೆ, ಒತ್ತಡ ನಿಭಾಯಿಸುವುದು ಹೇಗೆಂದು ಭಾಷಣ ಇಡಿಸುತ್ತಾರೆ. ಯೋಗ ಒಳ್ಳೆಯದು. ಆದರೆ ಆಕ್ಸ್‌ಫರ್ಡ್‌ನ ವಿಲಿಯಂ ಫ್ಲೆಮಿಂಗ್ ಬ್ರಿಟನ್ನಿನ 233 ಸಂಸ್ಥೆಗಳ 46,336 ನೌಕರರ ಉತ್ತರಗಳನ್ನು ಪರೀಕ್ಷಿಸಿ 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಂಥ ಕಾರ್ಯಕ್ರಮಗಳಿಗೆ ಸೇರಿದವರ ನೆಮ್ಮದಿ ಸೇರದವರಿಗಿಂತ ಹೆಚ್ಚಿರಲಿಲ್ಲ. ಸ್ವಯಂಸೇವೆಗೆ ಅವಕಾಶ ಕೊಟ್ಟಿದ್ದೊಂದೇ ಸ್ವಲ್ಪ ಒಳಿತು ಮಾಡಿದಂತೆ ಕಂಡಿತು. ಇತರರಿಗೆ ನೆರವಾಗುವುದರಲ್ಲಿ ಮನಸ್ಸಿಗೆ ಬಲವಿದೆ ಎಂಬುದನ್ನು ನಾವು ನಂಬುತ್ತೇವೆ. ಹಾಗೆಂದು ವಾರದ ಒಂದೇ ರಜೆಯ ದಿನ ಗಿಡ ನೆಡಲು ಬರಲೇಬೇಕೆಂದು ಹೆಸರು ಬರೆದುಕೊಂಡರೆ ಅದು ಸೇವೆಯಾಗುವುದಿಲ್ಲ. ಬರಬೇಕೋ ಬೇಡವೋ ಎಂಬುದು ನೌಕರರ ಇಷ್ಟಕ್ಕೆ ಬಿಟ್ಟದ್ದಿರಲಿ, ಆ ಹೊತ್ತು ಕೆಲಸದ ಹೊತ್ತಿನಲ್ಲೇ ಸಿಗಲಿ.

2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕೆಲಸದ ಜಾಗದ ಮಾನಸಿಕ ಆರೋಗ್ಯಕ್ಕೆಂದು ಮಾರ್ಗಸೂಚಿ ತಂದಾಗ ಕೆಲಸವನ್ನೇ ಬದಲಿಸುವುದು, ಮೇಲ್ವಿಚಾರಕರಿಗೆ ತರಬೇತಿ ಕೊಡುವುದು ಇವುಗಳಿಗೆ ಜಾಗ ಕೊಟ್ಟಿತು. ಅದೇ ವರ್ಷದ ಲೆಕ್ಕದಂತೆ ಖಿನ್ನತೆ, ಆತಂಕಗಳಿಂದ ಜಗತ್ತು ವರ್ಷಕ್ಕೆ 1,200 ಕೋಟಿ ಕೆಲಸದ ದಿನಗಳನ್ನು ಕಳೆದುಕೊಳ್ಳುತ್ತಿದೆ. ಕಂಪನಿಯ ಲಾಭದ ದೃಷ್ಟಿಯಿಂದ ನೋಡುವವರು ಈ ಅಂಕಿಯನ್ನು ನೋಡಲಿ. ನಮಗೆ ಆ ದಿನಗಳನ್ನು ಕಳೆದುಕೊಂಡ ಮನುಷ್ಯರು ಮುಖ್ಯ.

ಮನುಷ್ಯರನ್ನು ಮುಖ್ಯವೆಂದುಕೊಂಡ ನೆನಪು ಹೊಸೂರಿಗೂ ಇದೆ. ಟೈಟನ್ ಶುರುವಾದ ದಿನಗಳಲ್ಲಿ ಶಾಲೆ ಮುಗಿಸಿದ ಹದಿಹರೆಯದವರನ್ನು ತಮಿಳುನಾಡಿನ ದೂರದ ಊರುಗಳಿಂದ ಕರೆತಂದಾಗ, ಅವರ ಜೊತೆಗಿದ್ದು ಮನೆಯವರಂತೆ ನೋಡಿಕೊಳ್ಳುವ ಹಿರಿಯರನ್ನು ಕಂಪನಿ ಗೊತ್ತುಮಾಡಿತ್ತು. ಎಳೆಯ ವಯಸ್ಸಿನವರು ಊರು ಬಿಟ್ಟು ಬಂದರೆ ಅವರಿಗೆ ಊಟ, ಮಂಚಗಳಷ್ಟೇ ಅಗತ್ಯವಾಗಿ ಆಸರೆಯ ಮನುಷ್ಯರೂ ಬೇಕೆಂಬುದು ನಲವತ್ತು ವರ್ಷದ ಹಿಂದೆಯೇ ಇದೇ ನೆಲದಲ್ಲಿ ಒಂದು ಕಂಪನಿಗೆ ಹೊಳೆದಿತ್ತು. ಈಗ ಹುಡುಗಿಯರು ಸಾವಿರಗಟ್ಟಲೆ ಬರುತ್ತಾರೆ, ಆ ಮನುಷ್ಯರು ಮಾತ್ರ ಕಾಣುವುದಿಲ್ಲ.

ಗೇಟಿನೊಳಗೆ ನಮಗೆ ಬೇಕಾದದ್ದು

ಮೊದಲು ಕೇಳುವ ಕಿವಿ. ಪ್ರತಿ ಕಾರ್ಖಾನೆಯಲ್ಲಿ, ಪ್ರತಿ ಹಾಸ್ಟೆಲಿನಲ್ಲಿ ತರಬೇತಾದ ಆಪ್ತಸಮಾಲೋಚಕರು ಬೇಕು. ಅವರ ಸಂಬಳ ಕಂಪನಿಯದ್ದಾದರೂ ಅವರು ಹೆಚ್‌ಆರ್ ಕೈಕೆಳಗೆ ಇರಕೂಡದು. ಅವರಿಗೆ ಹೇಳಿದ ಮಾತು ಯಾವ ಕಡತಕ್ಕೂ ಹೋಗಕೂಡದು, ಬಡ್ತಿ ಕೊಡುವಾಗ, ಟ್ರೈನಿಯನ್ನು ಕಾಯಂ ಮಾಡುವಾಗ ಅದರ ಸುಳಿವೂ ಇರಕೂಡದು. ಭಾಷೆಯ ವಿಷಯದಲ್ಲಿ ನಾವು ಒಂದಿಂಚೂ ಬಿಟ್ಟುಕೊಡುವುದಿಲ್ಲ. ಲೆಕ್ಕವನ್ನು ಇಂಗ್ಲಿಷಿನಲ್ಲಿ ಮಾಡಬಹುದು, ಟಾರ್ಗೆಟನ್ನು ತಮಿಳಿನಲ್ಲಿ ಕೇಳಿಸಿಕೊಳ್ಳಬಹುದು, ಆದರೆ ಬದುಕು ಸಾಕೆನಿಸಿದೆ ಎಂಬ ಮಾತು ಹುಟ್ಟಿದ ಭಾಷೆಯಲ್ಲೇ ಬರುತ್ತದೆ. ತಳಿ ಊರಿನ ಹುಡುಗಿಗೆ ಕನ್ನಡ, ಶೂಲಗಿರಿಯ ಹುಡುಗಿಗೆ ತೆಲುಗು, ಜಾರ್ಖಂಡಿನವಳಿಗೆ ಸಾಧ್ಯವಾದರೆ ಅವಳದೇ ಮುಂಡಾರಿ, ಆಗದಿದ್ದರೆ ಹಿಂದಿ. 1948ರ ಕಾರ್ಖಾನೆ ಕಾಯ್ದೆ 500 ಕಾರ್ಮಿಕರಿರುವಲ್ಲಿ ಕಲ್ಯಾಣಾಧಿಕಾರಿ ಇರಬೇಕೆಂದು ಹೇಳಿದಾಗ ಆ ಹುದ್ದೆಯ ಹಿಂದೆ ಇದೇ ಆಸೆ ಇತ್ತು. ಅದನ್ನು ಹಾಜರಿ ಪುಸ್ತಕದ ಕೆಲಸಕ್ಕೆ ಇಳಿಸಬಾರದು.

ಪಾಳಿಯ ಪಟ್ಟಿ ತಿಂಗಳ ಮೊದಲೇ ಗೋಡೆಗೆ ಬರಬೇಕು, ಮುಂದಕ್ಕೆ ತಿರುಗಬೇಕು. ಓಟಿ ಬೇಡವೆಂದವರ ಮೇಲೆ ಸಿಟ್ಟು ತೀರಿಸಿಕೊಳ್ಳಬಾರದು. ಲೈನಿನ ವೇಗ ಹೆಚ್ಚಿಸುವ ಮೊದಲು ಆ ಲೈನಿನಲ್ಲಿ ನಿಲ್ಲುವವರ ಪ್ರತಿನಿಧಿಗಳ ಜೊತೆ ಮಾತಾಡಬೇಕು. ಬಚ್ಚಲಿಗೆ ಹೋಗಲು ಯಾರೂ ಯಾರನ್ನೂ ಬೇಡಿಕೊಳ್ಳುವಂತಿರಬಾರದು.

ಸೂಪರ್‌ವೈಸರುಗಳ ಬಗ್ಗೆ ಒಂದು ಮಾತು. ಅವರಲ್ಲಿ ಬಹಳ ಮಂದಿ ಇಪ್ಪತ್ತೈದು ದಾಟದ ಹುಡುಗರು, ಡಿಪ್ಲೊಮಾ ಮುಗಿಸಿ ಬಂದವರು. ಮೇಲಿನಿಂದ ಬಿದ್ದ ಬೈಗುಳವನ್ನು ಕೆಳಕ್ಕೆ ಸಾಗಿಸುವುದೇ ಕೆಲಸವೆಂದು ಅವರಿಗೆ ಕಲಿಸಲಾಗಿದೆ. ಅವರೂ ನಮ್ಮವರು, ಅವರ ನಿದ್ದೆಯೂ ಕೆಟ್ಟಿದೆ. ಜನರ ಜೊತೆ ಮಾತಾಡುವುದು ಹೇಗೆಂದು ಅವರಿಗೆ ತರಬೇತಿ ಕೊಡಲಿ. ತಂಡದಲ್ಲಿ ಎಷ್ಟು ಮಂದಿ ಕೆಲಸ ಬಿಟ್ಟರೆಂಬುದನ್ನು ಪೀಸಿನ ಎಣಿಕೆಯಷ್ಟೇ ಗಂಭೀರವಾಗಿ ಅವರ ಮೌಲ್ಯಮಾಪನದಲ್ಲಿ ನೋಡಲಿ.

ಇಎಸ್‌ಐ ಬಗ್ಗೆ ಎಲ್ಲರಿಗೂ ತಿಳಿಯಬೇಕಾದ ಸಂಗತಿಯಿದೆ. ದೀರ್ಘಕಾಲದ 34 ಕಾಯಿಲೆಗಳಿಗೆ ಇಎಸ್‌ಐ ಕೊಡುವ ವಿಸ್ತೃತ ಅನಾರೋಗ್ಯ ಪರಿಹಾರದ ಪಟ್ಟಿಯಲ್ಲಿ ತೀವ್ರ ಮನೋರೋಗಗಳೂ ಇವೆ. ಅರ್ಹತೆ ಇದ್ದವರಿಗೆ ಕೂಲಿಯ ಶೇಕಡಾ 80ರಷ್ಟು ಎರಡು ವರ್ಷದವರೆಗೂ ಸಿಗುತ್ತದೆ. ಆದರೆ ಇದಕ್ಕೆ ಎರಡು ವರ್ಷ ಸತತ ಕೆಲಸ ಬೇಕು. ಹತ್ತು ತಿಂಗಳಿಗೊಮ್ಮೆ ಕಾಂಟ್ರಾಕ್ಟರು ಕೈಬಿಟ್ಟು ಮತ್ತೆ ಸೇರಿಸಿಕೊಳ್ಳುವ ಹುಡುಗನಿಗೆ ಅದು ಎಂದು ಕೂಡಿಬರಬೇಕು? 2017ರ ಮಾನಸಿಕ ಆರೋಗ್ಯ ಕಾಯ್ದೆ ಮನಸ್ಸಿನ ಕಾಯಿಲೆಗೂ ದೇಹದ ಕಾಯಿಲೆಗೆ ಕೊಡುವಂತೆಯೇ ವಿಮೆ ಕೊಡಬೇಕೆನ್ನುತ್ತದೆ. ಈ ಎರಡು ಸಂಗತಿಯನ್ನು ಕ್ಯಾಂಟೀನಿನ ಗೋಡೆಯ ಮೇಲೆ ಐದು ಭಾಷೆಯಲ್ಲಿ ಬರೆಸಿ. ಮನಸ್ಸಿನ ಕಾಯಿಲೆಗೆ ರಜೆ ಹಾಕಿದವರನ್ನು ಜ್ವರಕ್ಕೆ ರಜೆ ಹಾಕಿದವರಂತೆ ಮರಳಿ ಬರಮಾಡಿಕೊಳ್ಳಿ.

ಹಾಸ್ಟೆಲು ಕಾರ್ಖಾನೆಯ ಭಾಗವೇ. ಅದನ್ನು ಬೇರೆ ಗುತ್ತಿಗೆದಾರರು ನಡೆಸುತ್ತಾರೆಂದು ಹೇಳಿ ಯಾರೂ ಕೈತೊಳೆದುಕೊಳ್ಳುವಂತಿಲ್ಲ. ಅಲ್ಲಿ ವಾಸಿಸುವವರೇ ಆರಿಸಿದ ಸಮಿತಿಗೆ ಪ್ರತಿ ಕೋಣೆ, ಪ್ರತಿ ಬಚ್ಚಲು, ಅಡುಗೆಮನೆ ಪರಿಶೀಲಿಸುವ ಹಕ್ಕಿರಬೇಕು. ಮಹಿಳೆಯರ ದೂರು ಕೇಳುವ ಆಂತರಿಕ ಸಮಿತಿಯ ಹೆಸರುಗಳು ಹಾಸ್ಟೆಲಿನ ಬಾಗಿಲಲ್ಲೇ ಇರಬೇಕು. ಮೇಲೆ ಹೇಳಿದ ಎಲ್ಲವೂ ಕಾಯಂ, ಕಾಂಟ್ರಾಕ್ಟ್, ಟ್ರೈನಿ, ಅಪ್ರೆಂಟಿಸ್ ಎಂಬ ಭೇದವಿಲ್ಲದೆ ಸಲ್ಲಬೇಕು.

ಗೇಟಿನ ಹೊರಗೆ

ಈಗ ಸಿಎಸ್‌ಆರ್ ಹಣದ ಮಾತು. 135ನೇ ಕಲಮು ಕಂಪನಿ ತಾನಿರುವ ಜಾಗಕ್ಕೂ ಅದರ ಸುತ್ತಲಿಗೂ ಆದ್ಯತೆ ಕೊಡಬೇಕೆನ್ನುತ್ತದೆ. ಅದೇ ಕಾಯ್ದೆಯ ಏಳನೇ ಅನುಸೂಚಿಯಲ್ಲಿ ಆರೋಗ್ಯ ಸೇವೆಗೆ ಜಾಗವಿದೆ. ಹಾಗಾದರೆ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಮನಸ್ಸಿನ ಕಾಯಿಲೆ ಗುರುತಿಸಬಲ್ಲ ನರ್ಸು, ವಾರಕ್ಕೊಮ್ಮೆಯಾದರೂ ಬರುವ ಮನೋವೈದ್ಯರು ಯಾಕಿರಬಾರದು? ಇದು ನೌಕರರಿಗಷ್ಟೇ ಮೀಸಲಾದ ಸೇವೆಯಲ್ಲ. ಟೊಮೇಟೊ ಬೆಲೆ ಕುಸಿದು ಕ್ರೇಟುಗಟ್ಟಲೆ ಹಣ್ಣನ್ನು ರಸ್ತೆ ಬದಿಗೆ ಸುರಿದು ಮನೆಗೆ ಬಂದ ರೈತನಿಗೆ, ಕುಡಿತ ಬಿಡಲಾರದ ಅಣ್ಣನಿಗೆ, ಹೆರಿಗೆಯಾಗಿ ಮಂಕಾದ ಸೊಸೆಗೆ, ಎಲ್ಲರಿಗೂ ಅದು ಬೇಕು.

ಇದು ಆಗದ ಮಾತೇನಲ್ಲ. ನಮ್ಮಿಂದ ದೂರವಿಲ್ಲದ ಆನೇಕಲ್ ಸೀಮೆಯ ಸಕಲವಾರದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಎಪ್ಪತ್ತರ ದಶಕದಲ್ಲೇ ಹಳ್ಳಿಯವರಿಗೆ ಮಾನಸಿಕ ಆರೋಗ್ಯ ಸೇವೆ ಕೊಡುವ ಕೇಂದ್ರ ನಡೆಸಿತು. ಮನೋವೈದ್ಯರೇ ಬೇಕೆಂದು ಕಾಯದೆ ಸಾಮಾನ್ಯ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಕಲಿಸಿ, ಎಂಬತ್ತರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಅದನ್ನು ಮಾಡಿ ತೋರಿಸಿತು. 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾದಾಗ ಮಾದರಿಯಾದದ್ದು ಬಳ್ಳಾರಿ. ನಿಮ್ಹಾನ್ಸ್‌ನ 2015–16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ವಯಸ್ಕರಲ್ಲಿ ಶೇಕಡಾ 10.6 ಮಂದಿಗೆ ಮಾನಸಿಕ ತೊಂದರೆ ಕಂಡಿತ್ತು, ಅವರಲ್ಲಿ ಬಹುಪಾಲು ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. 2022ರಲ್ಲಿ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡ 1,70,924 ಮಂದಿಯಲ್ಲಿ ನಾಲ್ಕರಲ್ಲೊಬ್ಬರು ದಿನಗೂಲಿಯವರು. ಶಾಲೆಯ ಗೋಡೆಗೆ ಎರಡನೇ ಬಾರಿ ಬಣ್ಣ ಬಳಿಯುವ ಮೊದಲು ಈ ಅಂಕಿಗಳನ್ನು ಒಮ್ಮೆ ಓದಿ ಎಂದು ಕಂಪನಿಗಳ ಸಿಎಸ್‌ಆರ್ ಸಮಿತಿಗಳನ್ನು ಕೇಳಿಕೊಳ್ಳುತ್ತೇವೆ.

ನಮ್ಮ ನಡೆ

ನಾವು ವೈದ್ಯರಲ್ಲ, ಯಾರಿಗೂ ಚಿಕಿತ್ಸೆ ಕೊಡುವುದಿಲ್ಲ. ಪಕ್ಕದಲ್ಲಿ ಕೂತು ಕೇಳುತ್ತೇವೆ, ಆಸ್ಪತ್ರೆಗೆ ಜೊತೆಗೆ ಹೋಗುತ್ತೇವೆ, ರಾತ್ರಿಯಾದರೆ ಸರ್ಕಾರದ ಟೆಲಿ ಮಾನಸ್ 14416ಕ್ಕೆ ಫೋನು ಹಚ್ಚಿ ಕೊಡುತ್ತೇವೆ. ಅಲ್ಲಿ ಕನ್ನಡ, ತಮಿಳು, ತೆಲುಗಿನಲ್ಲಿ ಮಾತಾಡುವವರು ಸಿಗುತ್ತಾರೆ, ದುಡ್ಡು ಕೊಡಬೇಕಿಲ್ಲ. ಸತ್ತವರ ಫೋಟೊ ಹಿಡಿದು ಮೆರವಣಿಗೆ ಮಾಡುವುದಿಲ್ಲ, ನೊಂದವರ ಹೆಸರನ್ನು ಪತ್ರಿಕೆಗೆ ಕೊಡುವುದಿಲ್ಲ. ಕಂಪನಿಗಳಿಂದ, ಪಕ್ಷಗಳಿಂದ ಹಣ ತೆಗೆದುಕೊಳ್ಳುವುದಿಲ್ಲ. ಕಾರ್ಮಿಕ ಸಂಘಗಳ ಜಾಗಕ್ಕೆ ನಾವು ಬಂದಿಲ್ಲ. ಸಂಘವಿರುವಲ್ಲಿ ಅದರ ಜೊತೆ ನಡೆಯುತ್ತೇವೆ, ಸಂಘ ಕಟ್ಟುವ ಹಕ್ಕಿಗಾಗಿ ಅದರ ಜೊತೆ ನಿಲ್ಲುತ್ತೇವೆ. ಊರಿನವರು, ಹೊರಗಿನವರು ಎಂದು ಲೈನನ್ನು ಒಡೆಯಲು ಬಂದವರ ಜೊತೆ ಸೇರುವುದಿಲ್ಲ. ಒಡಿಶಾದಿಂದ ಬಂದ ಹುಡುಗಿ ನಮ್ಮ ಬೀದಿಯ ಅಂಗಡಿಯಲ್ಲಿ ಸೋಪು ಕೊಳ್ಳುವಾಗ ಅವಳನ್ನು ಹೆಸರು ಹಿಡಿದು ಕರೆಯುವುದನ್ನು ನಾವೂ ಕಲಿಯಬೇಕಿದೆ. ಮನೆಯಲ್ಲೂ ಕೆಲಸವಿದೆ. ರಾತ್ರಿ ಪಾಳಿ ಮುಗಿಸಿ ಬಂದ ಸೊಸೆಗೆ ಬೆಳಗಿನ ರೊಟ್ಟಿ ತಟ್ಟಲು ಹೇಳುವ ಮನೆಯೂ ಅವಳ ಮೇಲಿನ ಭಾರವೇ.

ತಮಿಳುನಾಡಿನ ಪಂಚಾಯತಿಗಳಲ್ಲಿ ಮೇ 1ರಂದು ಗ್ರಾಮಸಭೆ ಸೇರುತ್ತದೆ. ನಮ್ಮ ಮೊದಲ ಕೆಲಸ ಅಲ್ಲಿಂದ. ಪ್ರತಿ ಪಂಚಾಯತಿಯ ಗ್ರಾಮಸಭೆಯಲ್ಲಿ ಸುತ್ತಲ ಕಂಪನಿಗಳಿಗೆ ಮೂರು ಪ್ರಶ್ನೆಗಳನ್ನು ಇಡುವ ನಿರ್ಣಯ ತರುತ್ತೇವೆ. ಕಳೆದ ವರ್ಷ ನಿಮ್ಮ ಸಿಎಸ್‌ಆರ್ ಹಣದಲ್ಲಿ ಎಷ್ಟು ಈ ಪಂಚಾಯತಿಯ ಜನರ ಆರೋಗ್ಯಕ್ಕೆ ಬಂತು? ಆ ಹಣಕ್ಕೆ ಕೈಹಾಕದೆ, ನಿಮ್ಮ ನೌಕರರ ಮನಸ್ಸಿನ ಆರೋಗ್ಯಕ್ಕೆ ನೀವೇ ಎಷ್ಟು ಖರ್ಚು ಮಾಡಿದಿರಿ, ಅದರಲ್ಲಿ ಕಾಂಟ್ರಾಕ್ಟಿನವರಿಗೆ ಎಷ್ಟು? ವರ್ಷದಲ್ಲಿ ಎಷ್ಟು ಮಂದಿ ಕೆಲಸ ಬಿಟ್ಟರು, ಯಾಕೆ ಬಿಟ್ಟರೆಂದು ಅವರನ್ನು ಯಾರು ಕೇಳಿದರು? ನಿರ್ಣಯದ ಪ್ರತಿ ಕಂಪನಿಗೂ ಜಿಲ್ಲಾಧಿಕಾರಿಗಳಿಗೂ ಹೋಗುತ್ತದೆ. ಉತ್ತರ ಬಂದರೆ ಆಗಸ್ಟ್ 15ರ ಗ್ರಾಮಸಭೆಯಲ್ಲಿ ಎಲ್ಲರ ಮುಂದೆ ಓದುತ್ತೇವೆ. ಬಾರದಿದ್ದರೆ ಬಂದಿಲ್ಲವೆಂಬುದನ್ನೂ ಓದುತ್ತೇವೆ. ಸೇರಬೇಕೆನ್ನುವವರು ಮೇ 1ರಂದು ತಮ್ಮ ಪಂಚಾಯತಿಗೆ ಬನ್ನಿ. ಕಂಪನಿಯ ಹೆಸರಾಗಲಿ ನಿಮ್ಮ ಹೆಸರಾಗಲಿ ಹೇಳಬೇಕಿಲ್ಲ, ಚಂದಾ ಇಲ್ಲ. ಶಿಫ್ಟು ಇದ್ದವರು ಮನೆಯವರನ್ನು ಕಳಿಸಿ.